ಭೀಮಶಿಯ ಗುಮ್ಮಟ ಬಿರುಕು ಬಿಟ್ಟ ಸುದ್ದಿ

ಬಮ್ಮಿಗಟ್ಟಿಯ ಭೀಮಶಿ ಗೌಂಡಿ ಇಪ್ಪತ್ತೆರಡು ವರ್ಷಗಳಲ್ಲಿ ಅರವತ್ತೊಂದು ಗೋಬರ್ ಗ್ಯಾಸ್ ಗುಂಡಿ ಕಟ್ಟಿದ್ದಾನೆ. ನೆಲವನ್ನು ದುಂಡಗೆ ತೋಡಿ, ಇಟ್ಟಿಗೆಯ ಗೋಡೆ ಎಬ್ಬಿಸಿ, ಮೇಲೆ ಗುಮ್ಮಟ ಮುಚ್ಚುವ ಕೆಲಸ. ಆಮೇಲೆ ಅದರ ಮೇಲೆ ಮಣ್ಣು ಎಳೆದುಬಿಡುತ್ತಾರೆ; ಚೆಂದ ನೋಡುವವರು ಯಾರೂ ಇಲ್ಲ. ಮನೆ ಕಟ್ಟುವ ಗೌಂಡಿಗೆ ಸಿಗುವ ಹೊಗಳಿಕೆ ಇವನಿಗಿಲ್ಲ. ಇವನ ಆಸ್ತಿ ಒಂದೇ ಮಾತು: ಭೀಮಶಿ ಕಟ್ಟಿದ್ದು ಬಿರುಕು ಬಿಡುವುದಿಲ್ಲ.

ಹೋದ ಶ್ರಾವಣದಲ್ಲಿ ಆ ಮಾತಿಗೇ ಕುತ್ತು ಬಂತು. ತಂಬೂರಿನ ತುಳಸಾಬಾಯಿಯವರ ಒಲೆಗೆ ಗ್ಯಾಸ್ ಬರುವುದು ನಿಂತಿತು. ಎಪ್ಪತ್ತರ ಹಿರಿಯಾಕೆ, ಮಡಿಯಲ್ಲಿ ಬಿಗಿ, ನಾಲಿಗೆಯಲ್ಲಿ ಸಡಿಲು. ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಜನರ ಮುಂದೆ, "ಭೀಮಶಿ ಕಟ್ಟಿದ ಗುಮ್ಮಟ ಬಿರುಕು ಬಿಟ್ಟದ" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಂಡಿ ಕಟ್ಟಿಸುತ್ತೇವೆಂದಿದ್ದ ಇಬ್ಬರು "ಸುಗ್ಗಿ ಆಗ್ಲಿ, ನೋಡೂಣು" ಎಂದು ಜಾರಿಕೊಂಡರು. ಭೀಮಶಿಗೆ ಅನ್ನ ಇಳಿಯಲಿಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಹೆಸರು ಕೆಟ್ಟರೆ ಮತ್ತೆ ಗಳಿಸುವುದು ಯಾವಾಗ?

ಮರುದಿನವೇ ತಂಬೂರಿಗೆ ಹೋದ. ಪೈಪಿನ ಕೀಲುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಮಣ್ಣು ಸರಿಸಿ ಗುಮ್ಮಟದ ಮೇಲೆ ಬೆರಳಾಡಿಸಿದ, ಕೂದಲೆಳೆಯಷ್ಟೂ ಬಿರುಕಿಲ್ಲ. ಕೊನೆಗೆ ಕೊಳೆತ ಸಗಣಿನೀರಿನ ರಾಡಿ ಹೊರಬೀಳುವ ತೊಟ್ಟಿಯ ಹತ್ತಿರ ಬಗ್ಗಿ ಮೂಸಿದ. ಚೆನ್ನಾಗಿ ನಡೆಯುವ ಗುಂಡಿಯ ರಾಡಿಗೆ ಅಂಥ ನಾತವಿರುವುದಿಲ್ಲ. ಇದು ಕೆಟ್ಟ ಮಜ್ಜಿಗೆಯಂತೆ ಹುಳಿ ಹುಳಿ, ಮೇಲೆ ಫಿನೈಲಿನ ಘಾಟು.

"ಅವ್ವಾರ, ಸಂಡಾಸಕ್ಕ ಏನ ಸುರೀತೀರಿ?"

ಹಿತ್ತಿಲ ಸಂಡಾಸಿನ ಕೊಳವೆಯೂ ಆ ಗುಂಡಿಗೇ ಕೂಡಿತ್ತು. ಈ ಕಡೆ ಅದು ಹೊಸದೇನಲ್ಲ.

"ಚಾತುರ್ಮಾಸ ಹಿಡದಾಗಿಂದ ದಿನಾ ಮುಂಜಾನೆ ಆಸಿಡ್, ಸಂಜಿಗೆ ಫಿನೈಲ್," ಎಂದರು ತುಳಸಾಬಾಯಿ. "ಸಂಡಾಸದ್ದೂ ಆ ಗ್ಯಾಸಿನಾಗ ಕೂಡ್ತದಲ್ಲಪಾ. ಅದರ ಮ್ಯಾಲೆ ದೇವರ ನೈವೇದ್ಯ ಆಗಬೇಕು. ಶುದ್ಧ ಮಾಡದಿದ್ರ ಹೆಂಗ?"

ಭೀಮಶಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಲೆ ಮಡಿಯಾಗಲೆಂದು ಒಲೆಯ ಉಸಿರನ್ನೇ ಕಟ್ಟಿದ್ದರು.

ಅವನ ಮಗಳು ರಾಜೇಶ್ವರಿ ಕುಂದಗೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಗೌಂಡಿಯ ಮಾತಿಗೆ ತಲೆಯಾಡಿಸದವರು ಟೀಚರ್ ಮಾತಿಗೆ ಆಡಿಸಿಯಾರು ಎಂದು ಭಾನುವಾರ ಅವಳನ್ನೂ ಕರೆದೊಯ್ದ. ಅವಳು ನೀಲಿ ಲಿಟ್ಮಸ್ ಕಾಗದದ ಚೂರನ್ನು ರಾಡಿಯಲ್ಲಿ ಅದ್ದಿ, ನೀರಿನಲ್ಲಿ ಜಾಲಿಸಿ ತೋರಿಸಿದಳು. ಕೆಂಪಾಗಿತ್ತು.

"ಗುಂಡ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ್ರಿ, ಅವ್ವಾರ. ಸಗಣಿ ತಿಂದು ಗ್ಯಾಸ್ ಬಿಡೂವು ಅವ. ಹುಳಿ ಹೆಚ್ಚಾದ್ರ ಸಾಯ್ತಾವು. ಫಿನೈಲ್ ಬಿದ್ರಂತೂ ಉಳಿಯೂದಿಲ್ರಿ."

"ಹಂಗಾರ ಸಂಡಾಸದಾಗ ಕುಂತ ಬಿಳೇ ಡಾಗು ಹೆಂಗ ಹೋಗಬೇಕು? ನಮ್ಮ ಸೊಸಿ ಶುಭಾ ಫೋನಿನಾಗ ನೋಡಿ ಸೋಡಾಪುಡಿ, ಲಿಂಬಿರಸ ಕೂಡಿಸಿ ಹಾಕಿದ್ಲು. ಬುಸ್ ಅಂತ ನೊರಿ ಬಂತು, ಡಾಗು ಇದ್ದಲ್ಲೇ ಇತ್ತು."

ರಾಜೇಶ್ವರಿ ನಕ್ಕಳು. ಹುಳಿಯೂ ಸೋಡಾವೂ ಕೂಡಿದರೆ ಒಂದನ್ನೊಂದು ಮುಗಿಸಿಬಿಡುತ್ತವೆ, ನೊರೆ ಇಳಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪುನೀರಷ್ಟೇ ಎಂದಳು. ಬೋರಿನ ನೀರು ಬಿಡುವ ಆ ಬಿಳಿ ಡಾಗು ಸುಣ್ಣದ ಜಾತಿಯ ಕಲೆ. ಅದಕ್ಕೆ ಹುಳಿಯೊಂದೇ ಸಾಕು. ಹಿಂಡಿದ ಲಿಂಬೆ ಸಿಪ್ಪೆಯನ್ನೋ ಹುಣಸೆ ಗಸಿಯನ್ನೋ ಹಚ್ಚಿ, ತಾಸು ಹೊತ್ತು ಬಿಟ್ಟು ತಿಕ್ಕಬೇಕು. ಅಷ್ಟು ಹುಳಿಯಿಂದ ಗುಂಡಿಗೇನೂ ಆಗದು. ಸೋಡಾ ಜಿಡ್ಡಿಗೆ, ಅದೂ ಬೇರೆಯಾಗಿ. ಆಸಿಡ್ ಮೇಲೆ ಬ್ಲೀಚಿಂಗ್ ಪುಡಿ ಮಾತ್ರ ಎಂದೂ ಹಾಕಬಾರದು. ಏಳುವ ವಿಷಗಾಳಿ ಮನುಷ್ಯರನ್ನೇ ಕೆಡವುತ್ತದೆ.

"ನಮ್ಮವ್ವ ಪೂಜಿ ಸಾಮಾನು ಹುಣಸಿಹಣ್ಣಿಲೇ ತಿಕ್ಕತಿದ್ಲು," ಎಂದು ತುಳಸಾಬಾಯಿ ಗೊಣಗಿದರು. ಸೋತೆ ಎನ್ನಲು ಅವರಿಗೆ ಅಷ್ಟೇ ಬರುತ್ತಿತ್ತು.

ಸುಣ್ಣದ ತಿಳಿ ಬಿಟ್ಟು ಹುಳಿ ಇಳಿಸುವುದು ಗೌಂಡಿಗೆ ಗೊತ್ತಿದ್ದ ಕೆಲಸವೇ. ಆದರೆ ಸತ್ತ ಗುಂಡಿಗೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ನಡೆಯುವ ಗುಂಡಿಯ ರಾಡಿ ಬೀಳಬೇಕು. ಭೀಮಶಿ ಎರಡು ಡ್ರಮ್ಮು ತುಂಬಿ ತಂದದ್ದು ತನ್ನ ಮನೆಯ ಗುಂಡಿಯದು. ಮುಚ್ಚಿಟ್ಟು ಸುರಿಯುವ ಜಾಯಮಾನ ಅವನದಲ್ಲ.

"ಇದು ನಮ್ಮನಿದ್ರಿ ಅವ್ವಾರ, ನಮ್ಮ ಕೇರಿದು. ನಮ್ಮ ಸಂಡಾಸನೂ ಇದಕ್ಕ ಕೂಡೇತ್ರಿ. ಸುರೀಲೋ ಬ್ಯಾಡೋ, ನೀವ ಹೇಳ್ರಿ."

ತುಳಸಾಬಾಯಿ ಡ್ರಮ್ಮು ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಆಮೇಲೆ, "ಸುರಿ" ಎಂದರು.

ಹದಿನೆಂಟನೇ ದಿನ ಕರೆ ಬಂತು. ಭೀಮಶಿ ಹೋಗಿ, ರೂಢಿಯಂತೆ ಹಿತ್ತಿಲ ಬಾಗಿಲಿಗೇ ನಿಂತ. ಗುಂಡಿ ಕಟ್ಟಿದ ವರ್ಷ, ಮೊದಲ ಸಲ ಒಲೆ ಹೊತ್ತಿಸುವಾಗಲೂ ಕಡ್ಡಿಪೆಟ್ಟಿಗೆಯನ್ನು ಆ ಹೊಸ್ತಿಲ ಮೇಲಿಟ್ಟು ಹೊರಗೇ ನಿಂತಿದ್ದ. ಈ ಸಲ ಒಳಗಿನಿಂದ ದನಿ ಬಂತು: "ಒಳಗ ಬಾ ಭೀಮಶಿ, ಉರಿ ನೋಡು."

ಅವನಿಗೆ ಹಿಗ್ಗಾಯಿತು. ಸಿಟ್ಟೂ ಬಂತು.

"ಉರಿ ಇಲ್ಲಿಂದನೂ ಕಾಣತೈತ್ರಿ," ಎಂದ. "ನನ್ನ ಹೆಸರಿಗೆ ಡಾಗು ಬಿದ್ದಿದ್ದು ಗಿರಣ್ಯಾಗ. ತೊಳಿಯೂದೂ ಅಲ್ಲೇ ಆಗಬೇಕ್ರಿ."

ತುಳಸಾಬಾಯಿ ಒಲೆ ಆರಿಸಿದರು. ಮನೆಯಲ್ಲಿ ಹಿಟ್ಟು ಬೇಕಾದಷ್ಟಿತ್ತು. ಆದರೂ ಒಂದು ಸೇರು ಜೋಳವನ್ನು ಚೀಲಕ್ಕೆ ಸುರಿದುಕೊಂಡು, ಅವನ ಮುಂದೆಯೇ ಗಿರಣಿಯ ದಾರಿ ಹಿಡಿದರು.