ಡಬ್ಬಿಗಾಗಿ ತೆರೆದ ಕಿಟಕಿ

ಸಂಕ್ರಾಂತಿ ಮುಗಿದ ಮರುವಾರ, ಸೋಮವಾರ ಬೆಳಿಗ್ಗೆ ಏಳಕ್ಕೆ ಮೈಸೂರಿನಲ್ಲಿ ಕೆ.ಆರ್.ಎಸ್. ಕಡೆಯ ಬಸ್ಸು ಹತ್ತಿದೆ. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಟಿಫನ್ ಕ್ಯಾರಿಯರ್ ಗಾತ್ರದ ಒಂದು ಅಳತೆಯ ಯಂತ್ರ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ಟು ಬಂತು. ಕಂಡಕ್ಟರನ ಕಣ್ಣು ಯಂತ್ರದ ಮೇಲೆ ಬಿತ್ತು. "ಅದೇನಮ್ಮ, ಮಿಕ್ಸೀನಾ? ಲಗೇಜು ಹಾಕ್ಬೇಕಾಯ್ತದೆ" ಎಂದ. ಗಾಳಿ ಅಳೆಯುವ ಮಿಷನ್ನು ಎಂದೆ. "ಗಾಳಿಗೆಲ್ಲಿ ಲಗೇಜು ಹಾಕಾನ ಬುಡಿ" ಎಂದು ನಕ್ಕು ಮುಂದೆ ಹೋದ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಐವತ್ತೆರಡನೆಯ ವಯಸ್ಸಿನಲ್ಲಿ ಸಂಶೋಧನೆಯ ಹುಚ್ಚು ಹಿಡಿದಿದೆ. ಕಲ್ಲು, ಮಣ್ಣುಗಳೊಳಗಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಸದಾ ಹೊರಗೆ ಬರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಗೆ ಬೆರೆತು ಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಅಳೆಯಲು ಉಗುರಗಲದ ಒಂದು ಪ್ಲಾಸ್ಟಿಕ್ ಫಿಲ್ಮನ್ನು ಸಣ್ಣ ಡಬ್ಬಿಯೊಳಗೆ ಅಂಟಿಸಿ ಮೂರು ತಿಂಗಳು ಮನೆಯಲ್ಲಿ ನೇತುಹಾಕುತ್ತೇವೆ. ಅನಿಲದಿಂದ ಸಿಡಿದ ಕಣಗಳು ಫಿಲ್ಮಿನ ಮೇಲೆ ಗಾಯ ಮಾಡುತ್ತವೆ. ಆಮೇಲೆ ಅದನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಆ ಗಾಯಗಳು ಅಗಲವಾಗಿ, ಹುಳು ಕೊರೆದ ಅವರೆಕಾಳಿನ ತೂತುಗಳಂತೆ ಕಾಣುತ್ತವೆ. ಮೈಕ್ರೋಸ್ಕೋಪಿನ ಕೆಳಗಿಟ್ಟು ಅವನ್ನು ಎಣಿಸಬೇಕು. ನನ್ನ ಕನ್ನಡಕದ ನಂಬರು ಎರಡು ಸಲ ಬದಲಾದದ್ದು ಈ ಎಣಿಕೆಯಿಂದಲೇ.

ದೀಪಾವಳಿಯ ಹೊತ್ತಿಗೆ ಹಾಕಿಬಂದ ಡಬ್ಬಿಗಳಲ್ಲಿ ಹೆಚ್ಚಿನವನ್ನು ವಿದ್ಯಾರ್ಥಿಗಳು ತಂದುಕೊಟ್ಟಿದ್ದರು. ತಾಲ್ಲೂಕಿಗೆ ಒಂದರಂತೆ ನಾಲ್ಕು ಮನೆ ನನ್ನ ಪಾಲಿಗೆ ಉಳಿದಿದ್ದವು. ಮೂರು ಹೇಗಾದರೂ ಇರಲಿ, ನಾಲ್ಕನೆಯದು ಮನಸ್ಸನ್ನು ಕೊರೆಯುತ್ತಿತ್ತು. ನಾಗಮಂಗಲದ ಹಳ್ಳಿಯೊಂದರಲ್ಲಿ ಡಬ್ಬಿ ಕಟ್ಟುವಾಗ ಆ ಮನೆಯ ಮಗಳು ರೂಪ ನನ್ನನ್ನು ಪಕ್ಕಕ್ಕೆ ಕರೆದಿದ್ದಳು. ಆಗ ಅವಳಿಗೆ ಐದು ತಿಂಗಳು. "ಮೇಡಂ, ನನ್ನ ಬಾಣಂತನ ಇದೇ ರೂಮಲ್ಲಿ. ಮಗೀನ ಇಲ್ಲಿ ಮಲಗಿಸ್ಕಂಡ್ರೆ ಏನೂ ಆಗಲ್ವಾ?" ಎಂದು ಕೇಳಿದ್ದಳು. ಡಬ್ಬಿ ಬಿಚ್ಚುವ ದಿನ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಫಿಲ್ಮಿನ ಎಣಿಕೆಗೆ ಇನ್ನೂ ವಾರಗಳು ಬೇಕು. ಅಷ್ಟು ದಿನ ಅವಳನ್ನು ಕಾಯಿಸಬಾರದೆಂದೇ ಸ್ಥಳದಲ್ಲಿ ಅಂಕಿ ತೋರಿಸುವ ಈ ಯಂತ್ರವನ್ನು ಹೊತ್ತುಕೊಂಡು ಹೊರಟಿದ್ದೆ.

ಮೊದಲ ನಿಲುಗಡೆ ಬೆಳಗೊಳ. ಲಕ್ಷ್ಮಮ್ಮ ಎಂಬವರ ಮನೆಯ ನಡುಮನೆಯ ಗೋಡೆಗೆ ನಾನು ಕಟ್ಟಿದ್ದ ಡಬ್ಬಿ ಅಲ್ಲಿರಲಿಲ್ಲ. ದೇವರ ಗೂಡಿನ ಪಕ್ಕದಲ್ಲಿ ನೇತಾಡುತ್ತಿತ್ತು, ಮೈತುಂಬ ಅರಿಶಿನ ಕುಂಕುಮ, ನೆತ್ತಿಯ ಮೇಲೊಂದು ದಾಸವಾಳ. "ಕಂಡೋರ ಸಾಮಾನು, ಮೊಮ್ಮಕ್ಕಳು ಎಳೆದಾಡ್ತವೆ ಅಂತ ದೇವ್ರತಾವ ಕಟ್ದೆ ಕಣಮ್ಮ" ಎಂದರು ಲಕ್ಷ್ಮಮ್ಮ. ಅದೃಷ್ಟಕ್ಕೆ ಕುಂಕುಮ ಡಬ್ಬಿಯ ಬಾಯಿಗೆ ಬಿದ್ದಿರಲಿಲ್ಲ. ಜಾಗ ಬದಲಾಗಿದೆ ಎಂದು ಚೀಟಿಯಲ್ಲಿ ಬರೆದುಕೊಂಡೆ. ಅವರು ಕೊಟ್ಟ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು, ಕಾವೇರಿಯ ಮೇಲಿನ ಮಂಜು ಕರಗುವ ಹೊತ್ತಿಗೆ ಶ್ರೀರಂಗಪಟ್ಟಣದ ಬಸ್ಸು ಹಿಡಿದೆ. ಪಟ್ಟಣದ ಕೋಟೆ ಗೋಡೆ ನೋಡಲು ಪ್ರವಾಸಿಗಳು ಇಳಿಯುತ್ತಿದ್ದರು. ನಾನು ಇಳಿದದ್ದು ಪಾಂಡವಪುರದ ಬಸ್ಸಿಗೆ ಬದಲಾಯಿಸಲು ಮಾತ್ರ.

ಕ್ಯಾತನಹಳ್ಳಿ ಮುಟ್ಟಿದಾಗ ಹನ್ನೊಂದೂವರೆ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರಾಕ್ಟರುಗಳ ಹಿಂದೆ ನಮ್ಮ ಬಸ್ಸು ಮೆರವಣಿಗೆಯಲ್ಲಿ ಸಿಕ್ಕಿಕೊಂಡಿತ್ತು. ಬೋರೇಗೌಡರ ಮನೆಯಲ್ಲಿ ಡಬ್ಬಿಯೇ ಇಲ್ಲ. ಎಲ್ಲಿ ಎಂದು ಕೇಳಿದರೆ ಅವರು ಜಂಬದಿಂದ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಒಂದು ಹಸುವಿನ ತಲೆಯ ಮೇಲೆ, ತೊಲೆಗೆ, ಡಬ್ಬಿಯನ್ನು ತಂತಿಯಲ್ಲಿ ಬಿಗಿದು ಕಟ್ಟಿದ್ದರು.

"ನಾವು ಗುಂಡುಕಲ್ಲಂಗೆ ಇದೀವಿ ಮೇಡಮ್ಮೋರೆ. ಈ ಹಸ ಹಾಲು ಕಮ್ಮಿ ಮಾಡ್ಬುಟ್ಟಿತ್ತು. ನಮ್ಮನ್ನೇನು ನೋಡಾದು, ಇದ್ನ ನೋಡ್ಲಿ ಅಂತ ಕಟ್ದೆ."

"ಇದು ಹಸುವನ್ನು ನೋಡುವುದಿಲ್ಲ ಗೌಡರೆ, ಮನೆಯ ಗಾಳಿಯನ್ನು ನೋಡುತ್ತದೆ" ಎಂದೆ.

"ನೋಡಾಕಿಲ್ವಾ? ಅಂಗಾದ್ರೆ ಹಾಲು ಯಾಕೆ ಜಾಸ್ತಿ ಆಯ್ತು?"

ತಂತಿ ಬಿಚ್ಚಿ ಡಬ್ಬಿಯನ್ನು ಇಳಿಸಿಕೊಂಡೆ. ಸಿಟ್ಟು ಬಂದದ್ದು ನಿಜ. ಮೂರು ತಿಂಗಳ ಕೆಲಸ ಸಗಣಿಯ ಪಾಲಾಯಿತಲ್ಲ ಎಂದು ಹಲ್ಲು ಕಚ್ಚಿಕೊಂಡೆ. ಅವರು ಆಲೆಮನೆಯಿಂದ ತರಿಸಿದ ಬಿಸಿ ಬೆಲ್ಲದ ಉಂಡೆಯನ್ನು ಬಾಯಿಗೆ ಹಾಕಿಕೊಂಡ ಮೇಲೆ ಕಚ್ಚಿದ ಹಲ್ಲು ತಾನಾಗಿ ಬಿಟ್ಟುಕೊಂಡಿತು. ಆ ರಾತ್ರಿ ಕೆ.ಆರ್.ಪೇಟೆಯಲ್ಲಿ ಆರುನೂರು ರೂಪಾಯಿಯ ಲಾಡ್ಜಿನಲ್ಲಿ ಉಳಿದೆ. ಹಾಸಿಗೆ ಗಟ್ಟಿ, ಬಿಸಿನೀರು ಧಾರಾಳ.

ಮರುದಿನ ಬೆಳಿಗ್ಗೆ ಹೇಮಗಿರಿಯ ಕಡೆಗೆ ಆಟೋ ಮಾಡಿದೆ. ಮುನ್ನೂರು ಕೇಳಿದವನು ಇನ್ನೂರೈವತ್ತಕ್ಕೆ ಒಪ್ಪಿದ. ಹೇಮಾವತಿಯ ದಡದ ಆ ಮನೆಯಲ್ಲಿ ನಂಜೇಗೌಡರೆಂಬ ನಿವೃತ್ತ ಮೇಷ್ಟರು ಡಬ್ಬಿಯನ್ನು ಕಟ್ಟಿದ ಜಾಗದಿಂದ ಒಂದು ಅಂಗುಲವೂ ಕದಲಿಸಿರಲಿಲ್ಲ. ಡಬ್ಬಿ ಇದ್ದ ಕೋಣೆಯಲ್ಲಿ ಗೋಡೆಗೆ ಸುಣ್ಣ ಹೊಡೆಸುವುದನ್ನೂ ಹಬ್ಬಕ್ಕೆ ತಪ್ಪಿಸಿದ್ದರಂತೆ. ಅವರ ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಆ ಸುಣ್ಣದ ಸಿಟ್ಟೆಲ್ಲ ಇತ್ತು. ಬೇಗ ಕಾಫಿ ಕುಡಿದು ಹೊರಟುಬಿಟ್ಟೆ.

ಕೆ.ಆರ್.ಪೇಟೆಯಿಂದ ನಾಗಮಂಗಲಕ್ಕೆ ಬಸ್ಸಿನಲ್ಲಿ ಒಂದೂಕಾಲು ಗಂಟೆ ಹಿಡಿಯಿತು. ನೀರಾವರಿಯ ಹಸಿರು ಹಿಂದೆ ಉಳಿದು ರಾಗಿ ಕೊಯ್ದ ಹೊಲಗಳು, ನೆಲದಿಂದ ಎದ್ದ ಕರಿಬಂಡೆಗಳು ಶುರುವಾದವು. ಊಟ ಮುಗಿಸಿ, ಮತ್ತೊಂದು ಬಸ್ಸು, ಮತ್ತೊಂದು ಆಟೋ ಹಿಡಿದು ರೂಪಳ ಊರು ತಲುಪಿದಾಗ ಮೂರು ಗಂಟೆ. ಮನೆ ಬಂಡೆಯ ಮೇಲೇ ಕೂತಿದೆ. ಗೋಡೆ ಕಲ್ಲು, ಕೋಣೆಯ ನೆಲ ಕಲ್ಲುಚಪ್ಪಡಿ.

ರೂಪಳಿಗೆ ಈಗ ಎಂಟು ತುಂಬಿತ್ತು. ಅವಳ ತಾಯಿ ಸಾಕಮ್ಮ ಐವತ್ತರ ಆಸುಪಾಸಿನವರು, ಊರಿನ ಡೈರಿಯಲ್ಲಿ ಹಾಲಿಗೆ ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುವ ಕೆಲಸ. ಅಳತೆಯ ವಿಷಯದಲ್ಲಿ ನಾವಿಬ್ಬರೂ ಒಂದೇ ಕಸುಬಿನವರೆಂದು ಅವರಿಗೆ ನನ್ನ ಮೇಲೆ ಪ್ರೀತಿ. ಒಳಕೋಣೆಯಲ್ಲಿ ಡಬ್ಬಿ ಕಟ್ಟಿದಲ್ಲೇ ಇತ್ತು, ಧೂಳು ಕೂಡ ಇಲ್ಲ. ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಯಂತ್ರವನ್ನು ಕಟ್ಟುಮಂಚದ ಪಕ್ಕ ಇಟ್ಟೆ. ಅದು ಗಂಟೆಗೊಮ್ಮೆ ಅಂಕಿ ಕೊಡುತ್ತದೆ. ಎರಡು ಗಂಟೆ ನೋಡಿದೆ, ಎರಡು ಸಲವೂ ಕಡಿಮೆ. ಬಯಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

"ಏನೂ ತೊಂದರೆ ಇಲ್ಲಮ್ಮ, ನಿಶ್ಚಿಂತೆಯಾಗಿರು" ಎಂದು ರೂಪಳಿಗೆ ಹೇಳಿದೆ. ಅವಳ ಮುಖ ಅರಳಿತು. ನನಗೂ ಹೊಟ್ಟೆ ತಣ್ಣಗಾಯಿತು.

ಸಾಕಮ್ಮ ಮುದ್ದೆ, ಬಸ್ಸಾರು ಬಡಿಸುತ್ತ ನಾನು ಹೊಗಳಲಿ ಎಂಬ ದನಿಯಲ್ಲಿ ಹೇಳಿದರು: "ನಿಮ್ಮ ಡಬ್ಬಿ ಎಂಗೆ ಮಡಗಿವ್ನಿ ನೋಡುದ್ರಾ? ಆ ರೂಮು ವರ್ಷೊಂಬತ್ತು ಕಾಲ ಮುಚ್ಚೇ ಇರ್ತಿತ್ತು. ಕಾಲೇಜಿನ ಸಾಮಾನು, ಕಮಟು ಹಿಡ್ದ್ರೆ ನಾಳೆ ಅವ್ರ ಮುಖ ಎಂಗೆ ನೋಡಾದು ಅಂತ ಮೂರು ತಿಂಗ್ಳೂ ದಿನಾ ಕಿಟಕಿ ತೆಗ್ದೇ ಇಕ್ಕಿದ್ದೆ."

ಎತ್ತಿದ ತುತ್ತನ್ನು ಎಲೆಯಲ್ಲೇ ಇಟ್ಟೆ. "ಬಾಣಂತನದಲ್ಲಿ?" ಎಂದು ಕೇಳಿದೆ.

"ಆಗ ಮುಚ್ತೀವಲ್ಲ. ಬಾಣಂತಿಗೆ ಗಾಳಿ ತಾಕ್ಬಾರ್ದು. ಕಿಟಕಿಗೆ ಕಂಬಳಿ ತುರುಕಿ, ಬಾಗ್ಲು ಹಾಕಿ, ಕೆಂಡದಾಗೆ ಸಾಂಬ್ರಾಣಿ ಹಾಕ್ತೀವಿ. ಐದು ತಿಂಗ್ಳು."

ನಾನು ಅಳೆದದ್ದು ಡಬ್ಬಿ ಬಾಳಿದ ಕೋಣೆಯನ್ನು. ರೂಪ ಮತ್ತು ಅವಳ ಮಗು ಬಾಳಬೇಕಾದ ಕೋಣೆಯನ್ನಲ್ಲ. ಕಿಟಕಿ ತೆರೆದಿತ್ತೇ ಎಂದು ಕೇಳದೆ, ಕಣ್ಣಿಗೆ ಕಾಣುತ್ತಿದ್ದ ತೆರೆದ ಕಿಟಕಿಯನ್ನು ನೋಡಿಯೂ ನೋಡದೆ, ಅಭಯ ಕೊಟ್ಟುಬಿಟ್ಟಿದ್ದೆ. ಮೊದಲ ವರ್ಷದ ವಿದ್ಯಾರ್ಥಿ ಹೀಗೆ ಮಾಡಿದ್ದರೆ ರೆಕಾರ್ಡು ಪುಸ್ತಕ ಎಸೆಯುತ್ತಿದ್ದೆ. ನಾಚಿಕೆಯಾಯಿತು. ಎಲೆಯ ಮುಂದೆ ಕೂತಂತೆಯೇ ರೂಪಳಿಗೆ ಹೇಳಿದೆ, ನಾನು ಹೇಳಿದ್ದು ತಪ್ಪು, ಆ ಮಾತನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದು.

ಕಿಟಕಿಗೆ ಕಂಬಳಿ ತುರುಕಿ, ಬಾಗಿಲು ಹಾಕಿ, ಬಾಣಂತನಕ್ಕೆ ಹೇಗೆ ಮುಚ್ಚುತ್ತಾರೋ ಹಾಗೆಯೇ ಸಾಕಮ್ಮನ ಕೈಯಲ್ಲೇ ಕೋಣೆ ಮುಚ್ಚಿಸಿದೆ. ಯಂತ್ರ ಒಳಗೆ ಉಳಿಯಿತು. ನಾವು ಮೂವರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬೇಗ ಮಲಗಿದೆವು.

ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದೆ. ಯಂತ್ರ ಪ್ರತಿ ಗಂಟೆಯ ಅಂಕಿಯನ್ನೂ ನೆನಪಿಟ್ಟುಕೊಂಡಿತ್ತು. ಮೆಟ್ಟಿಲು ಹತ್ತಿದಂತೆ ಏರಿ ಏರಿ, ಸಂಜೆಯದರ ಆರು ಪಟ್ಟು ಮುಟ್ಟಿತ್ತು. ಡಿಗ್ರಿ ನೋಡಿ ಅಭ್ಯಾಸವಿದ್ದ ಸಾಕಮ್ಮನಿಗೆ ಅಂಕಿ ಓದಿ ಹೇಳಬೇಕಾಗಲಿಲ್ಲ. ಒಪ್ಪುವುದು ಮಾತ್ರ ಬೇರೆ ಮಾತು.

"ನಮ್ಮವ್ವ ನನ್ನ ಹೆತ್ತದ್ದು ಈ ರೂಮ್ನಾಗೆ. ನಾನು ಇವಳ್ನ ಹೆತ್ತದ್ದೂ ಇಲ್ಲೇ. ಏನಾಗೈತೆ ನಮ್ಗೆ?"

"ಐದು ತಿಂಗಳಲ್ಲಿ ಏನೋ ಆಗಿಬಿಡುತ್ತದೆ ಎಂದು ನಾನು ಹೆದರಿಸುವುದಿಲ್ಲ ಸಾಕಮ್ಮ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಈಗ ಹುಟ್ಟುವ ಕೂಸು, ಹಗಲೂ ರಾತ್ರಿ ಇದೇ ಗಾಳಿ, ಮೇಲೆ ಕೆಂಡದ ಹೊಗೆ. ಒಂದು ಕಿಟಕಿ ತೆರೆದರೆ ತಪ್ಪುವುದನ್ನು ಯಾಕೆ ತಪ್ಪಿಸಬಾರದು ಎನ್ನುತ್ತೇನೆ, ಅಷ್ಟೆ."

"ಸೀತ ಆಗಿ ಬಾಣಂತಿ ನಡುಗ್ತಾ ಕೂತ್ರೆ ನಿಮ್ಮ ಮಿಷನ್ನು ಬತ್ತದಾ ಸೇವೆ ಮಾಡಾಕೆ?"

ಬರುವುದಿಲ್ಲ ಎಂದೆ. ಅವರು ಅಡ್ಡಿ ಮಾಡುತ್ತಿದ್ದದ್ದು ಹಟಕ್ಕಲ್ಲ, ಮಗಳಿಗೇನಾದರೂ ಆದೀತೆಂಬ ಭಯಕ್ಕೆ. ಅದು ನನಗೂ ಗೊತ್ತಿತ್ತು. ಸೋತೆ ಎಂದುಕೊಂಡು ಯಂತ್ರದ ವೈರು ಸುತ್ತತೊಡಗಿದೆ.

ಬಾಗಿಲಿಗೆ ಒರಗಿ ನಿಂತಿದ್ದ ರೂಪ ತಾಯಿಯ ಕಡೆ ತಿರುಗಿದಳು.

"ಅವ್ವ, ಕಾಲೇಜಿನ ಡಬ್ಬಿ ಕಮಟು ಹಿಡೀತದೆ ಅಂತ ಮೂರು ತಿಂಗ್ಳು ಕಿಟಕಿ ತೆಗ್ದಲ್ಲ. ನನ್ನ ಮಗೀಗೆ ತೆಗೆಯಾಕಿಲ್ವಾ?"

ಸಾಕಮ್ಮ ಮಗಳ ಮುಖ ನೋಡಿದರು, ಡಬ್ಬಿ ನೇತಾಡುತ್ತಿದ್ದ ಮೊಳೆ ನೋಡಿದರು. ಕೋಣೆಯೊಳಗೆ ಹೋಗಿ ಮಂಚದ ಒಂದು ತುದಿ ಹಿಡಿದು ಎಳೆಯತೊಡಗಿದರು. ನಾನೂ ಹೋಗಿ ಇನ್ನೊಂದು ತುದಿ ಹಿಡಿದೆ. ಗಾಳಿ ನೇರವಾಗಿ ಬಡಿಯದ ಮೂಲೆಗೆ ಮಂಚ ಸರಿಯಿತು. ಕಿಟಕಿಯಿಂದ ಕಂಬಳಿ ಕಿತ್ತು ಹಾಕಿ, ಅರ್ಧಕ್ಕೆ ಒಂದು ಹಳೆಯ ಸೀರೆ ಕಟ್ಟಿದರು.

ನಾನು ಹೊರಡುವಾಗ ಹಿಂದೆಯೇ ಬಂದು, "ನಂಗೆ ಇನ್ನೊಂದು ಡಬ್ಬಿ ಕೊಡಿ" ಎಂದರು.

"ಯಾಕೆ ಸಾಕಮ್ಮ?"

"ಕೂಸು ನೋಡಾಕೆ ಹೆಂಗಸ್ರು ಬತ್ತಾರೆ. ಬಂದೋರೆಲ್ಲ ಮುಚ್ಚು ಮುಚ್ಚು ಅಂತಾರೆ. ನಾನು ಹೇಳುದ್ರೆ ಯಾರು ಕೇಳ್ತಾರೆ? ಕಾಲೇಜಿನ ಡಬ್ಬಿ ಐತೆ, ಕಿಟಕಿ ಮುಚ್ಚಂಗಿಲ್ಲ ಅಂದ್ರೆ ಬಾಯಿ ಮುಚ್ಕತಾರೆ."

ಚೀಲದಲ್ಲಿ ಒಂದು ಹೊಸ ಡಬ್ಬಿ ಉಳಿದಿತ್ತು. ಖಾಲಿ ಡಬ್ಬಿ ಕಟ್ಟಿದರೂ ಅವರ ಕೆಲಸ ಆಗುತ್ತಿತ್ತು. ನನಗೆ ಮನಸ್ಸು ಬರಲಿಲ್ಲ. ಫಿಲ್ಮು ಹಾಕಿಯೇ ಅದೇ ಮೊಳೆಗೆ ಕಟ್ಟಿದೆ. ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸುವುದು ನಮ್ಮ ಪದ್ಧತಿ, ಊರು, ತಾರೀಖು, ಕೋಣೆಯಲ್ಲಿ ಇರುವವರ ಹೆಸರು. ಹಳೆಯ ಫಿಲ್ಮಿನ ಚೀಟಿಯಲ್ಲಿ 'ಕಿಟಕಿ ತೆರೆದಿತ್ತು' ಎಂದು ಸೇರಿಸಿದೆ. ಹೊಸದರಲ್ಲಿ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಯಾರ ಹೆಸ್ರು ಬರೀತೀರಿ?" ಎಂದಳು ರೂಪ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ನಾಗಮಂಗಲದಿಂದ ಮೈಸೂರಿನ ಬಸ್ಸು ಹನ್ನೊಂದಕ್ಕೆ. ಆಟೋ ತಿರುಗುವಾಗ ಹಿಂದಿರುಗಿ ನೋಡಿದೆ. ಒಳಕೋಣೆಯ ಕಿಟಕಿ ತೆರೆದಿತ್ತು, ಹಳೆಯ ಸೀರೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಒಳಗೆ ಮೊಳೆಯಲ್ಲಿ ನೇತಾಡುತ್ತಿದ್ದ ಡಬ್ಬಿಯ ಚೀಟಿಯ ಮೇಲೆ, ಹೆಸರಿನ ಜಾಗದಲ್ಲಿ, ನಾನು 'ಸಾಕಮ್ಮನ ಮೊಮ್ಮಗು' ಎಂದು ಬರೆದಿದ್ದೆ.