ಎಡಗೈಯವನು ಬಡಿದ ಫ್ರೆಂಚ್ ಪಾತ್ರೆ

ಎಸಿ ಕೆಟ್ಟರೆ ಯಾರಾದರೂ ಖುಷಿಪಡುತ್ತಾರೆಯೇ? ಅದೂ ಗಲ್ಫ್‌ನ ಈ ಥುಕ್ಬಾದಲ್ಲಿ, ಜುಲೈ ತಿಂಗಳ ಬಿಸಿಲಲ್ಲಿ? ನಾನು ಪಟ್ಟಿದ್ದೇನೆ. ಒಂದು ವಾರದಿಂದ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದೇನೆ. ಈಗ ನಿಮ್ಮ ಸರದಿ.

ಮೊದಲು ಪಾತ್ರೆಯ ವಿಷಯ. ನಮ್ಮ ಆಫೀಸಿನ ಫ್ರೆಂಚ್ ಗೆಳತಿ ಕ್ಲೇರ್ ಕೆಲಸ ಬಿಟ್ಟು, ಫೈನಲ್ ಎಕ್ಸಿಟ್ ವೀಸಾ ಪಡೆದು ಕಾಯಂ ಆಗಿ ಊರಿಗೆ ಹೊರಟಾಗ ಮನೆ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದಳು. ನಾನು ಹೋದದ್ದು ಸೋಫಾ ನೋಡಲು. ಕಣ್ಣಿಗೆ ಬಿದ್ದದ್ದು ಅವಳ ಅಜ್ಜಿಯ ತಾಮ್ರದ ಪಾತ್ರೆ. ಅಗಲ ಬಾಯಿ, ಉದ್ದನೆಯ ಕಬ್ಬಿಣದ ಹಿಡಿ, ಮೈತುಂಬ ಸುತ್ತಿಗೆ ಪೆಟ್ಟಿನ ಸಣ್ಣ ಸಣ್ಣ ಗುಳಿ. ಬೆಳಕು ಬಿದ್ದರೆ ಒಂದೊಂದು ಗುಳಿಯೂ ಒಂದೊಂದು ಥರ ಹೊಳೆಯುತ್ತಿತ್ತು. ಸೋಫಾ ಮರೆತೇಹೋಯಿತು. ಪಾತ್ರೆಯನ್ನು ತಂದು ಹಾಲ್‌ನ ಗೋಡೆಗೆ ತೂಗುಹಾಕಿದೆ. ಎಂಟು ತಿಂಗಳು ಬಂದವರಿಗೆಲ್ಲ ತೋರಿಸಿದೆ. (ಉಜ್ಜಿ ಹೊಳೆಯಿಸುವ ಕೆಲಸ ನನ್ನ ಗಂಡ ವಿಲ್ಲಿಯದ್ದು.)

ಎಸಿ ರಿಪೇರಿಗೆ ಬಂದವರು ಹಮೀದಣ್ಣ. ಉಪ್ಪಿನಂಗಡಿ ಕಡೆಯವರು, ಆರು ವರ್ಷದ ಪರಿಚಯ. ಕೆಲಸ ಮುಗಿಸಿ ನೀರು ಕುಡಿಯುತ್ತಿದ್ದವರು ಗೋಡೆ ನೋಡಿ ಲೋಟ ಕೆಳಗಿಟ್ಟರು. ಇಳಿಸಬಹುದೇ ಎಂದು ಕೇಳಿದರು. ಕಿಟಕಿಯ ಬೆಳಕಿಗೆ ಹಿಡಿದು, ಗುಳಿಗಳ ಮೇಲೆ ಒಂದೊಂದಾಗಿ ಹೆಬ್ಬೆರಳು ಆಡಿಸಿದರು.

"ಅಕ್ಕ, ಇದನ್ನು ಹೊಡೆದವ ಎಡಗೈಯವ," ಎಂದರು.

ಹೇಗೆ ಗೊತ್ತು ಎಂದೆ. ಪೆಟ್ಟುಗಳು ವಾಲಿದ ದಿಕ್ಕು ತೋರಿಸಿದರು. "ನಮ್ಮ ಅಪ್ಪನದ್ದೂ ಹೀಗೇ ಬೀಳ್ತಿತ್ತು. ಅವರೂ ಎಡಗೈ."

ಅವರ ತಂದೆ ತಾಮ್ರದ ಪಾತ್ರೆ ಬಡಿದು, ಒಳಗೆ ತವರದ ಕಲಾಯಿ ಹಾಕುತ್ತಿದ್ದರಂತೆ. ಮನೆಮನೆಗೆ ಸ್ಟೀಲ್ ಬಂತು, ಕೆಲಸ ನಿಂತಿತು, ಮಗ ಗಲ್ಫ್‌ಗೆ ಬಂದ. ಪಾತ್ರೆಯೊಳಗೆ ತವರ ಸವೆದು ತಾಮ್ರ ಇಣುಕುತ್ತಿತ್ತು. ಕಲಾಯಿ ಹಾಕಿಕೊಡಲೇ ಎಂದು ಕೇಳಿದರು. ಇಪ್ಪತ್ತೆಂಟು ವರ್ಷದಿಂದ ಆ ಕೆಲಸ ಮುಟ್ಟಿಲ್ಲ ಎಂದೂ ಹೇಳಿದರು.

ಬೇಡ ಎಂದು ವಿಲ್ಲಿ ಕಣ್ಸನ್ನೆ ಮಾಡಿದ. ಆಂಟಿಕ್ ಪೀಸ್, ಹಾಳಾದರೆ? ನನಗೂ ಅದೇ ಭಯ. ಇಂಥದ್ದು ಇನ್ನೊಂದು ಎಲ್ಲಿ ಸಿಗಬೇಕು? ಆದರೆ ಆ ಮನುಷ್ಯ ಪಾತ್ರೆ ಹಿಡಿದುಕೊಂಡ ರೀತಿ ನೋಡಿದ ಮೇಲೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಅವರ ವರ್ಕ್‌ಶಾಪಿಗೆ ಹೋದೆವು. ಎಸಿ ಪೈಪ್ ಬೆಸೆಯುವ ಗ್ಯಾಸ್ ಟಾರ್ಚಿನಿಂದಲೇ ಪಾತ್ರೆ ಕಾಯಿಸಿದರು. ತವರ ಅಂಟಲೆಂದು ನವಸಾಗರದ ಪುಡಿ ಎರಚಿದರು, ಬಿಳಿ ಹೊಗೆ ಎದ್ದಿತು. ತವರ ಹಚ್ಚಿದರೆ ಹಿಡಿಯಲೇ ಇಲ್ಲ. ಹನಿಹನಿಯಾಗಿ ಉರುಳಿಹೋಯಿತು. ವಿಲ್ಲಿ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ.

ಹಮೀದಣ್ಣ ಪಾತ್ರೆ ಆರಲು ಬಿಟ್ಟರು. ಒಳಮೈಯನ್ನು ಮತ್ತೆ ತಿಕ್ಕಿ ತೊಳೆದರು. ಮತ್ತೆ ಕಾಯಿಸಿ, ತವರ ಕರಗಿದ್ದೇ ತಡ, ಹತ್ತಿಯ ಉಂಡೆಯಿಂದ ಸರಸರನೆ ಒರೆಸಿದರು. ಕೆಂಪಗಿದ್ದ ಒಳಮೈ ಕಣ್ಣೆದುರೇ ಬೆಳ್ಳಿಯಾಯಿತು. ನಾನು ಮಕ್ಕಳಂತೆ ಚಪ್ಪಾಳೆ ತಟ್ಟಿಬಿಟ್ಟೆ.

ಅವರು ಆಗಲೇ ಊರಿಗೆ ವೀಡಿಯೊ ಕಾಲ್ ಮಾಡಿ ತಾಯಿಗೆ ಪಾತ್ರೆ ತೋರಿಸುತ್ತಿದ್ದರು. "ನೋಡಿ ಉಮ್ಮ, ಕೈ ಮರೆಯಲಿಲ್ಲ."

ಸಂಜೆ ಅದೇ ಪಾತ್ರೆಯಲ್ಲಿ ಕಡ್ಲೆಬೇಳೆ ಪಾಯಸ, ಎರಡೂ ಮನೆಗೆ. ಕ್ಲೇರ್‌ಗೆ ಫೋಟೊ ಕಳಿಸಿದೆ. ಅಜ್ಜಿ ತೀರಿಕೊಂಡ ಮೇಲೆ ಅದು ಒಲೆಯನ್ನೇ ಕಂಡಿರಲಿಲ್ಲ ಎಂದು ಬರೆದಳು. ಪಾಯಸದ ರೆಸಿಪಿಯನ್ನೂ ಕೇಳಿದಳು.

ಗೋಡೆಯ ಪಾತ್ರೆಯ ಚರಿತ್ರೆಯನ್ನು ಬಂದವರಿಗೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ ನನಗೆ, ಆರು ವರ್ಷದಿಂದ ಮನೆಗೆ ಬರುತ್ತಿದ್ದ ಮನುಷ್ಯನ ಚರಿತ್ರೆ ಕೇಳಬೇಕೆಂದು ಒಮ್ಮೆಯೂ ಅನಿಸಲಿಲ್ಲವಲ್ಲ, ಯಾಕೆ?