ಸಮುದ್ರವಿಲ್ಲದ ದೇಶದ ಪರವಾಗಿ

ನಾನು ಒಮ್ಮೆ ಒಂದು ದೇಶದ ಪರವಾಗಿ ಮಾತಾಡಿದ್ದೇನೆ. ರೇಷ್ಮೆ ಹುಳದ ಮನೆಯ ಜಗಲಿಯ ಮೇಲೆ ಕೂತು, ರಾಗಿ ಡಬ್ಬಿಗೆ ಫೋನು ಆನಿಸಿಟ್ಟುಕೊಂಡು. ಇದನ್ನು ಹೇಳುವಾಗ ನನಗೆ ಜಂಬ ಬರುತ್ತದೆ. ಬರಲಿ ಬಿಡಿ, ಅದಕ್ಕೆ ಬೇಕಾದಷ್ಟು ಬೆವರು ಸುರಿಸಿದ್ದೇನೆ.

ನನ್ನ ತವರು ಆಂಧ್ರದ ಗಡಿಯಲ್ಲಿರುವ ಗುಮ್ಮಘಟ್ಟದ ಕಡೆಯ ಹಳ್ಳಿ. ರಾಯದುರ್ಗದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಮದುವೆಯಾಗಿ ಆಂಧ್ರದ್ದೇ ಆದ ಮಡಕಶಿರಾ ಸೀಮೆಗೆ, ಹೇಮಾವತಿಯ ಹತ್ತಿರದ ಊರಿಗೆ ಬಂದೆ. ಉಳಿದ ಪರೀಕ್ಷೆಗಳನ್ನೆಲ್ಲ ಬಸ್ಸು ಹತ್ತಿ ಹೋಗಿ ಬರೆದು ಮುಗಿಸಿದೆ. ಬಾಕಿ ಇದ್ದದ್ದು ಆನ್‌ಲೈನಿನಲ್ಲಿ ಓದಬೇಕಾದ ಒಂದೇ ಒಂದು ವಿಷಯ. ಅದರ ಕ್ರೆಡಿಟ್ ಸೇರದಿದ್ದರೆ ಡಿಗ್ರಿ ಇಲ್ಲ. ವಿಷಯ ಯಾವುದಾದರೂ ಆಗಬಹುದಿತ್ತು. ನಾನು ಅಂತರರಾಷ್ಟ್ರೀಯ ಸಂಬಂಧಗಳು ಎಂದೆ. "ಅದು ಬ್ಯಾಡಮ್ಮ, ಪೂರ್ತಿ ಇಂಗ್ಲಿಷಿನ್ಯಾಗ ಇರತೈತಿ. ಯಾವುದಾರ ಸುಲಭದ್ದು ತಗೋ" ಎಂದು ನಮ್ಮ ಮೇಷ್ಟ್ರು ಬುದ್ಧಿ ಹೇಳಿದರು. "ಅದನ್ನ ತಗೋತೀನ್ರಿ ಸಾರ್" ಎಂದೆ. ಬೇಡ ಅಂದದ್ದನ್ನೇ ಹಿಡಿಯುವುದು ನನ್ನ ಹುಟ್ಟುಗುಣ.

ಅತ್ತೆಗೆ ನನ್ನ ಓದಿನ ಮೇಲೆ ಸಿಟ್ಟೇನೂ ಇರಲಿಲ್ಲ, ತಮಾಷೆ ಇತ್ತು. ಮಾತು ಮಾತಿಗೂ ರಿ ಸೇರಿಸುವ ನನ್ನ ರಾಯದುರ್ಗದ ಕನ್ನಡವನ್ನು ಅವರು ಮೊದಲೇ ಆಡಿಕೊಳ್ಳುತ್ತಿದ್ದರು. "ನಮ್ಮ ಸೊಸೆ ಎಮ್ಮೆಗೂ ಬರ್ರಿ ಹೋಗ್ರಿ ಅಂತಾಳೆ" ಎಂದು ಬೀದಿಗೆಲ್ಲ ಹೇಳಿ ನಗುವರು. ಈಗ ಇದೂ ಸೇರಿತು. "ಯಾವ ದೇಶ ಯಾವ ದೇಶದ ಜೊತೆ ಮಾತು ಬಿಟ್ಟೈತೆ ಅಂತ ತಿಳ್ಕೊಂಡು ನಿನಗೇನಾಗ್ಬೇಕಮ್ಮ? ನಾನು ಎದುರುಮನೆಯವಳ ಜೊತೆ ಮಾತು ಬಿಟ್ಟಿದ್ದೀನಿ, ಅದನ್ನ ಓದ್ಕೊ ಸಾಕು."

ಅದು ನಿಜವೇ. ಬಚ್ಚಲ ನೀರು ಯಾರ ಬಾಗಿಲ ಮುಂದೆ ಹರಿಯಬೇಕು ಎಂಬ ವಿಷಯಕ್ಕೆ ಅತ್ತೆ ಮತ್ತು ಎದುರುಮನೆಯ ಅಕ್ಕ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ನಾನು ಆ ಮನೆಗೆ ಕಾಲಿಟ್ಟೇ ಇರಲಿಲ್ಲ.

ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತ ಪಾಠ ಕೇಳುತ್ತಿದ್ದೆ. ಇಂಗ್ಲಿಷನ್ನು ಮೊದಲು ಕಾಲೇಜಿನ ತೆಲುಗಿಗೆ, ಆಮೇಲೆ ಮನೆಯ ಕನ್ನಡಕ್ಕೆ ತಿರುಗಿಸಿಕೊಂಡು ಅರ್ಥ ಮಾಡಿಕೊಳ್ಳಬೇಕು. ಸುತ್ತು ದಾರಿಯಾದರೂ ಹಾಗೆ ಬಂದ ಪಾಠ ತಲೆಯಲ್ಲಿ ಭದ್ರವಾಗಿ ಕೂತಿತು.

ಕೊನೆಗೆ ಇದ್ದದ್ದು ಮಾತಿನ ಪರೀಕ್ಷೆ. ಬೇರೆ ಬೇರೆ ರಾಜ್ಯಗಳ ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದೊಂದು ದೇಶದ ಪ್ರತಿನಿಧಿಗಳಾಗಿ ಫೋನಿನ ಪರದೆಯ ಮೇಲೆ ಸೇರಿ ಒಪ್ಪಂದಕ್ಕೆ ಬರಬೇಕು. ನನಗೆ ಬಂದದ್ದು ಸಮುದ್ರವೇ ಇಲ್ಲದ ಸಣ್ಣ ದೇಶ. ಪಕ್ಕದ ದೊಡ್ಡ ದೇಶದ ನೆಲ ದಾಟದೆ ಅದರ ಸರಕು ಬಂದರಿಗೆ ಹೋಗುವಂತಿಲ್ಲ. ಆ ದಾರಿಯನ್ನು ಕೇಳಿ ಪಡೆಯುವುದೇ ನನ್ನ ಕೆಲಸ. ಉಳಿದವರು ಅಯ್ಯೋ ಪಾಪ ಎಂದರು. ನನಗೆ ಹೊಸದೇನೂ ಅನಿಸಲಿಲ್ಲ. ನಮ್ಮೂರಿನವರು ರೇಷ್ಮೆ ಗೂಡು ಮಾರಲು ಕರ್ನಾಟಕದ ಶಿರಾಕ್ಕೆ ಹೋದರೂ ರಾಜ್ಯ ದಾಟಿದ ಹಾಗೆ. ನನ್ನ ತವರಿನ ಬಸ್ಸು ಆಂಧ್ರದಲ್ಲಿ ಹೊರಟು, ಪಾವಗಡದ ಹತ್ತಿರ ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೇ ಬರುತ್ತದೆ.

ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಹುಳ ಹಣ್ಣಾಗಿವೆ. ನಾವು ಮಾರನೆಯ ದಿನಕ್ಕೆ ಎಂದು ಲೆಕ್ಕ ಹಾಕಿದ್ದೆವು. ಹಣ್ಣಾದ ಹುಳ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಆಡಿಸುತ್ತದೆ. ಆಗ ತಡಮಾಡದೆ ಒಂದೊಂದನ್ನೇ ಆಯ್ದು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಟ್ಟರೆ ಮಾತ್ರ ಒಳ್ಳೆಯ ಗೂಡು. ತಡವಾದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ನಮ್ಮ ಯಜಮಾನರು ಆಗಲೇ ಆಯಲು ಶುರು ಮಾಡಿದ್ದರು. ನಾನೂ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಕೈ ತೊಳೆದುಕೊಂಡೆ. ಡಿಗ್ರಿ ಹೋಯಿತು ಎಂದುಕೊಂಡೆ.

ಅತ್ತೆ ನನ್ನ ಮುಖ ನೋಡಿದರು. "ಇವತ್ತೇನಾ ಅದು?"

"ಹೌದ್ರಿ ಅತ್ತಿ. ಮತ್ತ ಇಡೋದಿಲ್ಲಂತ."

ಅವರು ಸೆರಗು ಸಿಕ್ಕಿಸಿಕೊಂಡು ಬೀದಿಗೆ ಹೋದರು. ನಮ್ಮ ಕಡೆ ಮುಯ್ಯಾಳು ಎಂದಿದೆ. ಇವತ್ತು ನಾನು ನಿಮ್ಮ ಕೆಲಸಕ್ಕೆ ಬಂದರೆ ಇನ್ನೊಂದು ದಿನ ನೀವು ನನ್ನ ಕೆಲಸಕ್ಕೆ ಬರಬೇಕು; ಕೂಲಿ ಮಾತಿಲ್ಲ. ಕಡಲೆಕಾಯಿ ಕೀಳುವ ಕಾಲಕ್ಕೆ ಆಗಲಿ ಎಂದು ಅತ್ತೆ ಬೀದಿಯ ಹೆಂಗಸರ ಮನೆಗಳಲ್ಲಿ ದುಡಿದು ಮುಯ್ಯಿ ಕೂಡಿಟ್ಟಿದ್ದರು. ಅದನ್ನು ಅವತ್ತು ನನಗೋಸ್ಕರ ಖರ್ಚು ಮಾಡಿದರು. ಮೂರ್ನಾಲ್ಕು ಜನ ಬಂದರು. ಕೊನೆಯಲ್ಲಿ ಬಂದವಳು ಎದುರುಮನೆಯ ಅಕ್ಕ. ಅತ್ತೆಯ ಕಡೆ ತಿರುಗಿಯೂ ನೋಡದೆ, ಕೈಕಾಲು ತೊಳೆದುಕೊಂಡು ಹುಳದ ಮನೆಯೊಳಗೆ ಹೋದಳು.

"ಜಗಳಕ್ಕೆ ಮುಂಚಿನ ಮುಯ್ಯಿ. ಮಾತು ಬಿಟ್ರೂ ಮುಯ್ಯಿ ಬಿಡೋಕಾಗಲ್ಲ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. "ಆಯಮ್ಮ ನಿನ್ನ ಬದಲಿಗೆ. ನೀನು ಹೋಗಿ ನಿನ್ನ ದೇಶ ನೋಡ್ಕೊ."

ಸಿಗ್ನಲ್ ಚೆನ್ನಾಗಿ ಸಿಗುವುದು ಹುಳದ ಮನೆಯ ಜಗಲಿಯಲ್ಲೇ. ಅಲ್ಲೇ ಕೂತೆ. ದೊಡ್ಡ ದೇಶದ ಪ್ರತಿನಿಧಿ ಯಾವುದೋ ಮಹಾನಗರದ ಹುಡುಗಿ. ಇಂಗ್ಲಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ನಿಮ್ಮದು ಸಣ್ಣ ದೇಶ, ನಮಗೆ ಸರಿಸಮವಾಗಿ ಕೊಡಲು ನಿಮ್ಮ ಹತ್ತಿರ ಏನಿದೆ ಎಂದಳು. ಬರೆದು ಬಾಯಿಪಾಠ ಮಾಡಿದ್ದೆಲ್ಲ ನನಗೆ ಮರೆತುಹೋಯಿತು. ಒಳಗೆ ಹೆಂಗಸರು ಹುಳ ಆಯುವ ಸದ್ದು ಕೇಳುತ್ತಿತ್ತು. ನಾನು ಬಾಯಿಬಿಟ್ಟಾಗ ಬಂದದ್ದು ಮುಯ್ಯಿಯ ಮಾತೇ. ಇಂಗ್ಲಿಷಿನಲ್ಲಿ ಅದಕ್ಕೆ ಏನನ್ನುತ್ತಾರೋ ಗೊತ್ತಿರಲಿಲ್ಲ, ಮುಯ್ಯಿ ಎಂದೇ ಹೇಳಿ ಬಿಡಿಸಿ ವಿವರಿಸಿದೆ. ಹೆಚ್ಚು ಹೊಲ ಇದ್ದವಳ ಒಂದು ದಿನಕ್ಕೂ ಕಡಿಮೆ ಹೊಲ ಇದ್ದವಳ ಒಂದು ದಿನಕ್ಕೂ ಬೆಲೆ ಒಂದೇ. ಇವತ್ತು ನಿಮ್ಮ ರಸ್ತೆ ನಮಗೆ ಬೇಕು, ನಾಳೆ ನಮ್ಮ ಬೆಟ್ಟದ ನದಿಯ ನೀರು ನಿಮಗೆ ಬೇಕಾಗುತ್ತದೆ.

"ನಡುವೆ ಜಗಳ ಬಂದರೆ?" ಎಂದಳು.

ನಾನು ಕಿಟಕಿಯ ಕಡೆ ನೋಡಿದೆ. ಅತ್ತೆ ಒಂದು ಮೂಲೆಯಲ್ಲಿ, ಎದುರುಮನೆಯ ಅಕ್ಕ ಇನ್ನೊಂದು ಮೂಲೆಯಲ್ಲಿ, ಇಬ್ಬರ ಕೈಯೂ ಓಡುತ್ತಿತ್ತು. "ಮಾತು ನಿಲ್ಲಬಹುದು, ದಾರಿ ನಿಲ್ಲಬಾರದು. ಒಪ್ಪಂದದಲ್ಲಿ ಹಾಗೆಂದೇ ಬರೆಯೋಣ" ಎಂದೆ. ಪರೀಕ್ಷೆ ನಡೆಸುತ್ತಿದ್ದ ಪಾಠದ ಮೇಡಂ ಆ ಮಾತನ್ನು ಇನ್ನೊಮ್ಮೆ ಹೇಳಿಸಿದರು. ದೊಡ್ಡ ದೇಶ ದಾರಿ ಬಿಟ್ಟಿತು.

ಕ್ರೆಡಿಟ್ ಬಂತು, ಡಿಗ್ರಿಯೂ ಬಂತು. ತರಗತಿಯ ಒಳ್ಳೆಯ ಅಂಕಗಳಲ್ಲಿ ನನ್ನದೂ ಒಂದು. ಆದರೆ ಅತ್ತೆ ಕೂಡಿಟ್ಟ ಮುಯ್ಯಿ ನನ್ನಿಂದ ಖಾಲಿಯಾಗಿತ್ತು. ಅದನ್ನು ತುಂಬಿಸದೆ ಬಿಡುವವಳಲ್ಲ ನಾನು. ಉಳಿದ ಮನೆಗಳಿಗೆ ಹೋಗುವುದು ಕಷ್ಟವಾಗಲಿಲ್ಲ. ಎದುರುಮನೆಯಲ್ಲಿ ಹುಳ ಹಣ್ಣಾದ ಬೆಳಿಗ್ಗೆ ಮಾತ್ರ ನೇರವಾಗಿ ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತು, "ಬರ್ಲೇನ್ರಿ ಅಕ್ಕಾ?" ಎಂದೆ.

ಅವಳು ಕೈ ತೊಳೆಯಲು ನೀರು ತಂದಿಟ್ಟಳು. ಮಧ್ಯಾಹ್ನದವರೆಗೂ ಒಂದು ಮಾತಿಲ್ಲ, ಬರೀ ಹುಳ ಆಯ್ದೆವು. ಕೆಲಸ ಮುಗಿದ ಮೇಲೆ ಕೇಳಿದಳು: "ಅವತ್ತು ಫೋನಲ್ಲಿ ಇಂಗ್ಲಿಷ್‌ನಾಗೆ ಜಗಳ ಆಡ್ತಿದ್ದೆ, ಮಧ್ಯೆ ಮುಯ್ಯಿ ಮುಯ್ಯಿ ಅಂದ್ಯಲ್ಲ. ನಮ್ಮ ಮುಯ್ಯಿ ಅವ್ರಿಗೇನು ಗೊತ್ತು?"

"ಗೊತ್ತಿರ್ಲಿಲ್ರಿ. ನಾನ ಹೇಳಿದೆ. ನೀವು ಅತ್ತಿ ಜೊತಿ ಮಾತು ಬಿಟ್ರೂ ಬಂದ್ರಲ್ಲ, ಅದನ್ನ ಹೇಳಿದೆ. ಅದ್ರಿಂದಾನ ಗೆದ್ದೀನ್ರಿ."

ಅವಳು ಚಂದ್ರಿಕೆಯನ್ನು ಸರಿಯಾಗಿ ಗೋಡೆಗೆ ಒರಗಿಸಿದಳು. "ಹಂಗಾದ್ರೆ ನಿಮ್ಮತ್ತೆಗೆ ಹೇಳು, ಕಡಲೆಕಾಯಿ ಕೀಳೋಕೆ ಬರ್ತೀನಿ ಅಂತ. ಮಾತಾಡಲ್ಲ, ಕೆಲಸಕ್ಕೆ ಬರ್ತೀನಿ."

ನಾನು ತಲೆ ಎತ್ತಿಕೊಂಡು ಬೀದಿ ದಾಟಿದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.